ಹೊಣೆ ಕೊಟ್ಟವರು ಕಲಿಸಲೂಬೇಕು

ಗಣಿತವನ್ನು ಮಕ್ಕಳ ಮನಸ್ಸಿಗೆ ನಾಟುವಂತೆ ಹೇಳಿಕೊಡುವ ಶಿಕ್ಷಕಿಯೊಬ್ಬರು ಇದ್ದಾರೆ ಎನ್ನಿ. ಕೆಲವು ವರ್ಷ ಕಳೆದ ಮೇಲೆ ಶಾಲೆ ಅವರನ್ನು ಗಣಿತ ವಿಭಾಗದ ಮುಖ್ಯಸ್ಥೆಯನ್ನಾಗಿ ಮಾಡುತ್ತದೆ. ಮರುದಿನವೂ ಅವರು ಅದೇ ತರಗತಿಗಳಿಗೆ ಹೋಗಿ ಪಾಠ ಮಾಡುತ್ತಾರೆ, ಸ್ಟಾಫ್ ರೂಮಿನಲ್ಲಿ ಅದೇ ಕುರ್ಚಿಯಲ್ಲಿ ಕೂರುತ್ತಾರೆ. ಆದರೆ ನಿನ್ನೆಯವರೆಗೆ ಜೊತೆಯಲ್ಲಿ ಕೂತು ಉಂಡವರ ಪಾಠ ಹೇಗಿದೆ ಎಂದು ನೋಡುವ, ತಪ್ಪಿದ್ದರೆ ತಿದ್ದುವ ಹೊಣೆ ಈಗ ಅವರ ಹೆಗಲಿಗೆ ಬಿದ್ದಿದೆ. ಮಕ್ಕಳಿಗೆ ಕಲಿಸುವುದು ಹೇಗೆಂದು ಅವರು ತರಬೇತಿ ಕಾಲೇಜಿನಲ್ಲಿ ಕಲಿತಿದ್ದರು. ಓರಗೆಯವರನ್ನು ಮುನ್ನಡೆಸುವುದು ಹೇಗೆಂದು ಯಾರೂ ಹೇಳಿಕೊಟ್ಟಿಲ್ಲ.

ಇಂಥವರನ್ನು ಆಸ್ಟ್ರೇಲಿಯಾದಲ್ಲಿ ಮಿಡ್ಲ್ ಲೀಡರ್ ಎಂದು ಕರೆಯುತ್ತಾರೆ. ಪರ್ತ್‌ನ ಪ್ರೌಢಶಾಲೆಗಳಲ್ಲಿ ಅವರು ಹೆಡ್ ಆಫ್ ಲರ್ನಿಂಗ್ ಏರಿಯಾ, ಬ್ರಿಸ್ಬೇನಿನಲ್ಲಿ ಹೆಡ್ ಆಫ್ ಡಿಪಾರ್ಟ್‌ಮೆಂಟ್, ಅಡಿಲೇಡಿನಲ್ಲಿ ಕೋಆರ್ಡಿನೇಟರ್. ಹೆಸರು ಬೇರೆ, ಪಾಡು ಒಂದೇ. ಪ್ರಾಂಶುಪಾಲರ ಕೈಯಲ್ಲಿ ಆದೇಶವಿದೆ. ಶಿಕ್ಷಕರಿಗೆ ತಮ್ಮ ತರಗತಿಯ ಬಾಗಿಲು ಹಾಕಿಕೊಳ್ಳುವ ಸ್ವಾತಂತ್ರ್ಯವಿದೆ. ಇಬ್ಬರ ಮಧ್ಯೆ ನಿಂತವರಿಗೆ ಉಳಿದಿರುವ ಬಂಡವಾಳ ಜೊತೆಯವರ ವಿಶ್ವಾಸವೊಂದೇ.

ಆ ಜಾಗದಲ್ಲಿ ನಿಂತವರನ್ನು ಎರಡು ಸುಲಭದ ದಾರಿಗಳು ಕರೆಯುತ್ತವೆ. ಮೇಲಿನಿಂದ ಬಂದ ಸುತ್ತೋಲೆಯನ್ನು ಹಾಗೆಯೇ ಕೆಳಕ್ಕೆ ದಾಟಿಸಿ ಕೈತೊಳೆದುಕೊಳ್ಳುವುದು ಒಂದು. ಗೆಳೆತನ ಕೆಡಬಾರದೆಂದು ಕಂಡದ್ದನ್ನು ಕಾಣದಂತೆ ಸುಮ್ಮನಿರುವುದು ಇನ್ನೊಂದು. ಮೊದಲನೆಯದರಲ್ಲಿ ದಯೆ ಇಲ್ಲ, ಎರಡನೆಯದರಲ್ಲಿ ಧೈರ್ಯವಿಲ್ಲ. ಎರಡರಲ್ಲೂ ನಷ್ಟ ಆಗುವುದು ತರಗತಿಯಲ್ಲಿ ಕೂತ ಮಗುವಿಗೆ. ಹಾಗಾಗಿ ಈ ಹುದ್ದೆಯನ್ನು ಬರೀ ಆಡಳಿತದ ವಿಷಯವೆಂದು ನೋಡಲಾಗದು. ದಯೆ, ಧೈರ್ಯ ಎರಡನ್ನೂ ಒಂದೇ ಮಾತಿನಲ್ಲಿ ಹಿಡಿದಿಡಬೇಕಾದ ನೀತಿಯ ಕೆಲಸ ಇದು.

ಆ ಮಾತು ಹೇಗಿರುತ್ತದೆ? ನಮ್ಮ ಗಣಿತದ ಮುಖ್ಯಸ್ಥೆ ತಮಗಿಂತ ಹಿರಿಯರಾದ ಶಿಕ್ಷಕರೊಬ್ಬರ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತಿದ್ದಾರೆ. ಹಿರಿಯರು ಭಿನ್ನರಾಶಿಯ ಪ್ರಶ್ನೆಯೊಂದನ್ನು ಕೇಳುತ್ತಾರೆ, ಕ್ಷಣ ಕಳೆಯುವುದರೊಳಗೆ ಉತ್ತರವನ್ನೂ ತಾವೇ ಹೇಳಿಬಿಡುತ್ತಾರೆ. ಮೂರನೇ ಸಾಲಿನ ಹುಡುಗಿಯೊಬ್ಬಳು ತೆರೆದ ಬಾಯಿ ಮುಚ್ಚಿಕೊಂಡು ಪುಸ್ತಕ ನೋಡುತ್ತಾಳೆ. ಅಮೆರಿಕದ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ಕಂಡುಕೊಂಡದ್ದು ಇದನ್ನೇ: ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುವುದು ಸರಾಸರಿ 1 ಸೆಕೆಂಡ್. ಅದನ್ನು 3 ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಬಾಯಿ ಬಿಡದ ಮಕ್ಕಳೂ ಮಾತಾಡುತ್ತಾರೆ.

ಪಾಠ ಮುಗಿದ ಮೇಲೆ ಮುಖ್ಯಸ್ಥೆ ಒಂದು ನಮೂನೆ ತುಂಬಿ, 'ಪ್ರಶ್ನಿಸುವ ಕೌಶಲ ಸುಧಾರಿಸಬೇಕು' ಎಂದು ಬರೆದು ಹೋಗಬಹುದು. 'ಪಾಠ ಚೆನ್ನಾಗಿತ್ತು' ಎಂದು ನಕ್ಕು ಎದ್ದುಹೋಗಲೂಬಹುದು. ಇವೆರಡನ್ನೂ ಬಿಟ್ಟು ಅವರು, "ಮೂರನೇ ಸಾಲಿನ ಹುಡುಗಿ ಏನೋ ಹೇಳಲು ಹೊರಟಿದ್ದಳು, ನಿಮಗೆ ಕಂಡಿತೇ? ನನ್ನ ತರಗತಿಯಲ್ಲೂ ಹೀಗೇ ಆಗುತ್ತಿದೆ ಅನಿಸುತ್ತದೆ. ನಾಳೆ ಬಂದು ಕೂತು ನೋಡಿ ಹೇಳುತ್ತೀರಾ?" ಎಂದರೆ ಹಿರಿಯರ ಮರ್ಯಾದೆಯೂ ಉಳಿಯಿತು, ಹುಡುಗಿಯ ಉತ್ತರಕ್ಕೂ ದಾರಿಯಾಯಿತು. ಈ ಎರಡು ಮೂರು ವಾಕ್ಯಗಳನ್ನು ಆಡಲು ಬೇಕಾದ ಹದ ಯಾರಿಗೂ ಹುಟ್ಟಿನಿಂದ ಬರುವುದಿಲ್ಲ. ಆಡಿ, ಎಡವಿ, ಬಲ್ಲವರಿಂದ ತಿದ್ದಿಸಿಕೊಂಡು ಅದನ್ನು ಸಾಧಿಸಬೇಕು.

ನ್ಯೂಜಿಲೆಂಡಿನ ವಿವಿಯನ್ ರಾಬಿನ್ಸನ್ ಮತ್ತು ಸಂಗಡಿಗರು 2008ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದರು. ಶಾಲೆಯ ನಾಯಕರು ಮಾಡುವ ಕೆಲಸಗಳಲ್ಲಿ ಮಕ್ಕಳ ಕಲಿಕೆಗೆ ಎಲ್ಲಕ್ಕಿಂತ ಹೆಚ್ಚು ನೆರವಾದದ್ದು ಯಾವುದು ಗೊತ್ತೇ? ಶಿಕ್ಷಕರ ಕಲಿಕೆಗೆ ಉತ್ತೇಜನ ಕೊಟ್ಟು, ತಾವೂ ಅವರ ಪಕ್ಕದಲ್ಲಿ ಕೂತು ಕಲಿಯುವುದು. ಗ್ರಿಫಿತ್ ವಿಶ್ವವಿದ್ಯಾಲಯದ ಪೀಟರ್ ಗ್ರೂಟೆನ್‌ಬೋಯರ್ ಮತ್ತು ಜೊತೆಗಾರರು ಮಿಡ್ಲ್ ಲೀಡರುಗಳನ್ನೇ ಕುರಿತು ವರ್ಷಗಟ್ಟಲೆ ಅಧ್ಯಯನ ನಡೆಸಿದ್ದಾರೆ. ಮಿಡ್ಲ್ ಲೀಡರುಗಳು ತಾವೂ ಪಾಠ ಮಾಡುತ್ತಾ ಉಳಿದವರನ್ನೂ ನಡೆಸುವವರು ಎಂಬುದು ಈ ಸಂಶೋಧಕರ ವಿಚಾರದ ತಿರುಳು. ತರಗತಿಯ ಬಿಸಿ ತಾಗುತ್ತಿರುವವರ ಮಾತಿಗೆ ತರಗತಿಯಲ್ಲಿ ಬೆಲೆ ಇದೆ.

ಮಧ್ಯದಲ್ಲಿ ನಿಂತವರ ಈ ಪಾತ್ರವನ್ನು ಒಪ್ಪಿಕೊಳ್ಳಲು ಆಸ್ಟ್ರೇಲಿಯಾ ಕಾಲ ತೆಗೆದುಕೊಂಡಿತು. ಏಐಟಿಎಸ್‌ಎಲ್ ಎಂಬ ರಾಷ್ಟ್ರೀಯ ಸಂಸ್ಥೆ 2011ರಲ್ಲೇ ಶಿಕ್ಷಕರಿಗೂ ಪ್ರಾಂಶುಪಾಲರಿಗೂ ವೃತ್ತಿಯ ಮಾನದಂಡಗಳನ್ನು ಕೊಟ್ಟಿತ್ತು. ಮಧ್ಯದಲ್ಲಿ ನಿಂತವರಿಗೆಂದೇ ಮಾನದಂಡ ಬಂದದ್ದು 2024ರಲ್ಲಿ. ಅಡಿಲೇಡಿನಲ್ಲಿ ಶಿಕ್ಷಣ ಇಲಾಖೆಯೇ ಆರ್ಬಿಸ್ ಎಂಬ ಕಲಿಕಾ ಕೇಂದ್ರ ನಡೆಸುತ್ತಿದೆ. ಪರ್ತ್‌ನಲ್ಲಿ ಫೋಗರ್ಟಿ ಪ್ರತಿಷ್ಠಾನದ ಎಡ್ವಾನ್ಸ್ ಕಾರ್ಯಕ್ರಮ ಪ್ರಾಂಶುಪಾಲರೊಬ್ಬರನ್ನೇ ಕರೆಯದೆ, ಶಾಲೆಯ ನಾಯಕರ ತಂಡದ ಜೊತೆ 3 ವರ್ಷ ಕೆಲಸ ಮಾಡುತ್ತದೆ. ಆ 3 ವರ್ಷದ ತಾಳ್ಮೆ ನನಗೆ ಬಹಳ ಹಿಡಿಸಿತು. ನಮ್ಮ ರೈತರು ಹೋರಿಗೆ ಉಳುಮೆ ಕಲಿಸುವಾಗ ಪಳಗಿದ ಎತ್ತಿನ ಜೊತೆ ನೊಗಕ್ಕೆ ಕಟ್ಟಿ ಸಾಲು ಸಾಲು ನಡೆಸುತ್ತಾರೆ. ಮನುಷ್ಯರಿಗೂ ಪಕ್ಕದಲ್ಲಿ ಹೆಜ್ಜೆ ಹಾಕುವವರು ಬೇಕು.

ಕಲಿಕೆಯನ್ನು ಗಂಟೆಯಲ್ಲಿ ಎಣಿಸುವ ಪದ್ಧತಿ ಎಲ್ಲ ಕಡೆಯೂ ಇದೆ. ಕ್ವೀನ್ಸ್‌ಲ್ಯಾಂಡಿನಲ್ಲಿ ಪೂರ್ಣಾವಧಿ ಶಿಕ್ಷಕರಿಗೆ ವರ್ಷಕ್ಕೆ 20 ಗಂಟೆ, ಪಶ್ಚಿಮ ಆಸ್ಟ್ರೇಲಿಯಾದಲ್ಲಿ 5 ವರ್ಷಕ್ಕೆ 100 ಗಂಟೆ, ನಮ್ಮ 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ವರ್ಷಕ್ಕೆ 50 ಗಂಟೆ. ಎಣಿಕೆ ಇರಲಿ. ಆದರೆ ಗಂಟೆಗಳು ಎಲ್ಲಿ ಕಳೆದವು ಎಂಬುದು ಮುಖ್ಯ. ಪಶ್ಚಿಮ ಆಸ್ಟ್ರೇಲಿಯಾ ಕರ್ನಾಟಕದ 13 ಪಟ್ಟು ದೊಡ್ಡದು. ಉತ್ತರದ ಕುನುನರ್ರದ ಶಾಲೆಯಿಂದ ಪರ್ತ್‌ಗೆ 3,000 ಕಿಲೋಮೀಟರಿಗೂ ಹೆಚ್ಚು ದಾರಿ. ಅಲ್ಲಿನ ಶಿಕ್ಷಕಿಯನ್ನು ರಾಜಧಾನಿಗೆ ಒಮ್ಮೆ ಕರೆಸಿ, ಸಭಾಂಗಣದಲ್ಲಿ ಕೂರಿಸಿ ಕಳಿಸಿದರೆ ಗಂಟೆ ತುಂಬುತ್ತದೆ. ಕಷ್ಟದ ಮಾತು ಆಡಬೇಕಾದ ದಿನ ಅವರು ಮತ್ತೆ ಒಂಟಿಯೇ. ಆ ದಿನ ಫೋನಿನಲ್ಲಾದರೂ ಸಿಗುವ ಅನುಭವಿಯೊಬ್ಬರು ಇದ್ದರೆ ಅದು ನಿಜವಾದ ತರಬೇತಿ.

ಜೊತೆಗಾರರಿಂದಲೇ ಕಲಿಯಬೇಕೆಂಬ ಅರಿವು ಕರ್ನಾಟಕಕ್ಕೆ ಹೊಸದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯ ಪ್ರಾಥಮಿಕ ಶಾಲೆಗಳ ಶಿಕ್ಷಕರು ಆಂಧ್ರದ ಋಷಿವ್ಯಾಲಿಗೆ ಹೋಗಿ, ಮಕ್ಕಳು ಕಾರ್ಡುಗಳನ್ನು ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಯುವುದನ್ನು ಕಂಡು ಬಂದರು. ಬಂದವರು ಒಟ್ಟಿಗೆ ಕೂತು ಕನ್ನಡದ ಕಾರ್ಡು, ಹಾಡು, ಆಟಗಳನ್ನು ತಾವೇ ಸಿದ್ಧಪಡಿಸಿದರು. ಯುನಿಸೆಫ್ ನೆರವೂ ಸಿಕ್ಕಿತು. ಅದೇ ನಲಿ-ಕಲಿ. ಶಿಕ್ಷಕರು ಶಿಕ್ಷಕರಿಂದ ಕಲಿತು ಕಟ್ಟಿದ್ದು 2009-10ರ ಹೊತ್ತಿಗೆ ರಾಜ್ಯದ ಸರ್ಕಾರಿ ಕನ್ನಡ ಪ್ರಾಥಮಿಕ ಶಾಲೆಗಳಿಗೆಲ್ಲ ಹಬ್ಬಿತು. ಸಿಆರ್‌ಪಿ, ಅಂದರೆ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ, ಹುದ್ದೆಯ ಆಶಯವೂ ಇದೇ: ಅನುಭವವುಳ್ಳ ಶಿಕ್ಷಕರೊಬ್ಬರು ಸುತ್ತಲಿನ ಶಾಲೆಗಳಿಗೆ ಹೋಗಿ ಜೊತೆಗಾರರಿಗೆ ಆಸರೆಯಾಗಲಿ ಎಂದು. ಅಂಥವರ ದಿನವನ್ನು ಬಿಸಿಯೂಟದ ಲೆಕ್ಕ, ಸಮವಸ್ತ್ರದ ಪಟ್ಟಿ, 'ತುರ್ತು' ಎಂದು ಬರುವ ಮಾಹಿತಿ ಕೋರಿಕೆಗಳಿಗೆ ಬಳಸಿಕೊಂಡರೆ ನಾವು ಒಳ್ಳೆಯ ಶಿಕ್ಷಕರೊಬ್ಬರನ್ನು ತರಗತಿಯಿಂದಲೂ ಕಳೆದುಕೊಂಡೆವು, ಮಾರ್ಗದರ್ಶಿಯನ್ನೂ ಪಡೆಯಲಿಲ್ಲ.

ಹಾಗಾಗಿ ಈ ಕಲಿಕೆಯ ಋಣ ಎಲ್ಲರ ಮೇಲೂ ಇದೆ. ಹುದ್ದೆಗೆ ಬಂದವರು ನಾನಿನ್ನೂ ಕಲಿಯುತ್ತಿದ್ದೇನೆ ಎಂದು ಜೊತೆಯವರೆದುರು ಹೇಳಲು ಹಿಂಜರಿಯಬಾರದು. ಆ ಮಾತಿನಿಂದ ಅಧಿಕಾರ ಕುಗ್ಗುವುದಿಲ್ಲ, ವಿಶ್ವಾಸ ಹುಟ್ಟುತ್ತದೆ. ಜೊತೆಯವರು ತರಗತಿಯ ಬಾಗಿಲು ತೆರೆದಿಡಬೇಕು. ಎಲ್ಲಕ್ಕಿಂತ ದೊಡ್ಡ ಪಾಲು ಮೇಲಿನವರದು. ಆಸ್ಟ್ರೇಲಿಯಾದಲ್ಲಿ ಜನವರಿ ಕೊನೆಗೆ, ನಮ್ಮಲ್ಲಿ ಮೇ ಮುಗಿಯುವ ಹೊತ್ತಿಗೆ ಶಾಲೆಗಳ ಹೊಸ ವರ್ಷ ಶುರುವಾಗುತ್ತದೆ. ವೇಳಾಪಟ್ಟಿ ಬರೆಯುವಾಗ ಈ ಮಧ್ಯದವರಿಗೆ ಜೊತೆಗಾರರ ತರಗತಿಯಲ್ಲಿ ಕೂರಲು ಒಂದು ಪೀರಿಯಡ್, ಬಲ್ಲವರೊಂದಿಗೆ ಮಾತಾಡಲು ಒಂದು ಪೀರಿಯಡ್ ಮೀಸಲಿಡಿ. ಅಷ್ಟನ್ನೂ ಕೊಡಲಾಗದಿದ್ದರೆ ಹುದ್ದೆಯನ್ನೂ ಕೊಡಬೇಡಿ. ಕಲಿಯುವ ಹಕ್ಕು ಮಕ್ಕಳಿಗೆ ಎಷ್ಟಿದೆಯೋ, ಆ ಮಕ್ಕಳ ಶಿಕ್ಷಕರನ್ನು ಮುನ್ನಡೆಸುವವರಿಗೂ ಅಷ್ಟೇ ಇದೆ.