ಒಂದೇ ಗೋಡೆಯ ಎರಡು ಬದಿ

ದೇವರ ಕೋಣೆಗೂ ಸಂಡಾಸಕ್ಕೂ ಒಂದೇ ಗೋಡೆ ಇರಬಹುದೇ? ಕೊಪ್ಪಳದಲ್ಲಿ ಹಳೆ ಮನೆಯ ಬಚ್ಚಲು ರಿಪೇರಿಗೆ ಕೈಹಾಕಿದವರು ಒಂದಲ್ಲ ಒಂದು ಹೊತ್ತಿನಲ್ಲಿ ಈ ಪ್ರಶ್ನೆಯ ಮುಂದೆ ನಿಲ್ಲುತ್ತಾರೆ. ಗೌಂಡಿ ಕೇಳುತ್ತಾನೆ, ವಾಸ್ತು ನೋಡುವವರು ಕೇಳುತ್ತಾರೆ, ನೆರೆಯವರು ಬಾಯಿಬಿಟ್ಟು ಕೇಳದಿದ್ದರೂ ಮುಖದಲ್ಲಿ ತೋರಿಸುತ್ತಾರೆ. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ನಮ್ಮ ದೇಹದ ಯಾವ ಕ್ರಿಯೆ ದೇವರ ಕಣ್ಣಿಗೆ ಬೀಳಬಾರದು ಎಂದುಕೊಳ್ಳುತ್ತೇವೆ, ಏಕೆ ಹಾಗೆಂದುಕೊಳ್ಳುತ್ತೇವೆ ಎಂಬ ಗಂಭೀರ ಪ್ರಶ್ನೆ ಅದರೊಳಗಿದೆ.

ಯಲಬುರ್ಗಾ, ಕುಷ್ಟಗಿ ತಾಲ್ಲೂಕುಗಳ ಪ್ರಾಥಮಿಕ ಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತಳಾದವಳು ನಾನು. ಈಗಿರುವುದು ಕೊಪ್ಪಳದಲ್ಲಿ, ಮಾವನವರು ಕಟ್ಟಿಸಿದ ಮನೆಯಲ್ಲಿ. ಪಡಸಾಲೆಯ ಪಕ್ಕ ಬಚ್ಚಲಮನೆ, ಅದರಲ್ಲಿ ತಾಮ್ರದ ಹಂಡೆ, ಶಹಾಬಾದಿ ಪರಸಿಯ ನೆಲ. ಸಂಡಾಸ ಹಿತ್ತಲಿನ ತುದಿಗೆ, ಬೇವಿನ ಗಿಡದ ಆಚೆ. ಅತ್ತೆಗೆ ಎಂಬತ್ತು ದಾಟಿದೆ, ಮೊಣಕಾಲು ಮಡಚಲು ಬರುವುದಿಲ್ಲ. ರಾತ್ರಿ ಎದ್ದು ಹಿತ್ತಲಿಗೆ ಹೋಗಬೇಕಾದೀತು ಎಂಬ ಅಂಜಿಕೆಗೆ ಹೊತ್ತು ಮುಳುಗಿದ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಿದ್ದಾರೆ. ಕೂಡಿಟ್ಟ 90 ಸಾವಿರ ರೂಪಾಯಿಯಲ್ಲಿ ಬಚ್ಚಲಮನೆಯನ್ನು ಹೊಸದು ಮಾಡಿ, ಸಂಡಾಸವನ್ನೂ ಅದರೊಳಗೇ ತರುವ ಲೆಕ್ಕ ನಮ್ಮದು. ಮಗ ಹುಬ್ಬಳ್ಳಿಯಿಂದ ಫೋನು ಮಾಡಿ, ಸೂರಿನ ತನಕ ಹೊಳೆಯುವ ಟೈಲ್ಸ್, ಗಾಜಿನ ಮರೆ, ದೊಡ್ಡ ಶವರ್ ಹಾಕಿಸಿರಿ, ನಾಳೆ ಮಾರಿದರೆ ಒಳ್ಳೆ ಬೆಲೆ ಬರುತ್ತದೆ ಎಂದ. ವಾಸ್ತು ಬಲ್ಲ ಹಿರಿಯರು ಬಂದು ನೋಡಿ, ಗೋಡೆಯ ಆಚೆಗೆ ದೇವರ ಜಗಲಿ ಇದೆ, ಬೇಡ ಎಂದರು.

ಎರಡೂ ಮಾತು ಕೇಳಿಸಿಕೊಂಡ ಅತ್ತೆ ಕೊರಳಿನ ಕರಡಿಗೆ ಮುಟ್ಟಿಕೊಂಡು ಹೇಳಿದರು: "ಲಿಂಗ ನನ್ನ ಎದಿ ಮ್ಯಾಲ ಐತಿ. ನಾ ಹಿತ್ತಲಕ್ಕ ಹೋದ್ರ ಅದೂ ಬರತೈತಿ, ಬಚ್ಚಲಕ್ಕ ಹೋದ್ರ ಅದೂ ಬರತೈತಿ. ಗ್ವಾಡಿಗೆ ಯಾಕ ಅಂಜಬೇಕು?"

ಎಷ್ಟೋ ಪ್ರವಚನ ಕೇಳಿದ್ದೇನೆ, ಇಷ್ಟು ನೇರವಾದ ಉತ್ತರ ನನಗೆ ಸಿಕ್ಕಿರಲಿಲ್ಲ. ಇಷ್ಟಲಿಂಗವನ್ನು ಮೈಯಿಂದ ಅಗಲಿಸಬಾರದು ಎನ್ನುವುದು ಶರಣಧರ್ಮದ ಮೊದಲ ಕಟ್ಟಳೆ. ನಿದ್ದೆಯಲ್ಲಿ, ಕಾಯಿಲೆಯಲ್ಲಿ, ಹೆರಿಗೆಯಲ್ಲಿ ಜೊತೆಗಿರುವ ದೇವರು ದೇಹದ ಒಂದು ಕ್ರಿಯೆಗೆ ಮಾತ್ರ ಮುಖ ತಿರುಗಿಸುತ್ತಾನೆ ಎನ್ನಲು ಆಧಾರವಿಲ್ಲ. ಹನ್ನೆರಡನೆಯ ಶತಮಾನದ ಶರಣರು ಜನನ, ಮರಣ, ಮುಟ್ಟು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನೂ ಅಲ್ಲಗಳೆದದ್ದು ಇದೇ ನಂಬಿಕೆಯಿಂದ. ದೇಹವೇ ದೇವಾಲಯ ಎಂದು ಒಪ್ಪಿದ ಮೇಲೆ ಆ ದೇವಾಲಯದ ಒಂದು ಬಾಗಿಲನ್ನು ಹೊಲಸೆಂದು ಹಿತ್ತಲಿನ ಕತ್ತಲೆಗೆ ಅಟ್ಟಲಾಗದು.

ಶುಚಿ ಬೇಡವೆಂದು ಇದರ ಅರ್ಥವಲ್ಲ. ಇಟಗಿಯ ಮಹಾದೇವ ಗುಡಿಗೆ ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದೆ. ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಗುಡಿ ಅದು. ಅದರ ಎದುರಿಗೇ ಮೆಟ್ಟಿಲುಗಳ ಪುಷ್ಕರಣಿ ಇದೆ. ಪೂಜೆಗೆ ಮೊದಲು ನೀರು, ನೀರಿಗೆ ಇಳಿಯಲು ಮೆಟ್ಟಿಲು. ದೇಹವನ್ನು ತೊಳೆದು ಅಣಿಗೊಳಿಸುವ ಜಾಗವೂ ಆರಾಧನೆಯ ಭಾಗವೆಂದು ಕಟ್ಟಿದವರು ತಿಳಿದಿದ್ದರು. 2019ರಲ್ಲಿ ನಮ್ಮ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಹಿರೇಹಳ್ಳಕ್ಕೆ ಇಳಿದು, ಜನರನ್ನು ಕೂಡಿಸಿಕೊಂಡು ಜಾಲಿ, ಹೂಳು, ಕಸ ತೆಗೆಸಿದರು. ಶುಚಿಗೊಳಿಸುವುದು ಧರ್ಮದ ಕೆಲಸವೇ ಎಂದು ಅಂದು ಇಡೀ ಜಿಲ್ಲೆ ಕಣ್ಣಾರೆ ಕಂಡಿತು.

ಈ ಮಾತನ್ನು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವಳು ಗಂಗಾವತಿ ತಾಲ್ಲೂಕಿನ ದಾನಾಪುರದ ಒಬ್ಬ ಶಾಲಾ ಹುಡುಗಿ. ಮನೆಯಲ್ಲಿ ಶೌಚಾಲಯ ಕಟ್ಟಿಸಿಕೊಡಿ ಎಂದು ಅನ್ನ ಬಿಟ್ಟು ಕುಳಿತಳು. ಪಂಚಾಯಿತಿಯ ಮುಂದಾಳು 18 ಸಾವಿರ ರೂಪಾಯಿ ಹೊಂದಿಸಿದರು, ವಾರದೊಳಗೆ ಶೌಚಾಲಯ ಎದ್ದಿತು ಎಂದು ಪ್ರಧಾನಿ 2016ರ ಆಗಸ್ಟ್‌ನ 'ಮನದ ಮಾತು' ಭಾಷಣದಲ್ಲಿ ದೇಶಕ್ಕೆ ಹೇಳಿದರು. ಉಪವಾಸವನ್ನು ನಾವು ದೇವರಿಗಾಗಿ ಮಾಡುತ್ತೇವೆ. ಆ ಹುಡುಗಿ ತನ್ನ ಮೈಯ ಮಾನಕ್ಕಾಗಿ ಮಾಡಿದಳು. ನನ್ನ ಮಟ್ಟಿಗೆ ಎರಡೂ ಒಂದೇ ವ್ರತ.

ಮನೆಯ ಒಳಗಿನ ದೇಹದಷ್ಟೇ ಹೊರಗಿನ ದೇಹದ ಪ್ರಶ್ನೆಯೂ ಇದೆ. ಗುಂಡಿ ತುಂಬಿದಾಗ ಅದಕ್ಕೆ ಇಳಿಯುವವರು ಯಾರು? ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು 1970ರ ದಶಕದಲ್ಲಿ ದೇವರಾಜ ಅರಸು ಸರ್ಕಾರದ ಸಚಿವ ಬಿ. ಬಸವಲಿಂಗಪ್ಪ ನಿಷೇಧಿಸಿದರು. ಸೆಪ್ಟಿಕ್ ಟ್ಯಾಂಕಿಗೆ ರಕ್ಷಣೆಯಿಲ್ಲದೆ ಮನುಷ್ಯನನ್ನು ಇಳಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ. ಆದರೂ ದೊಡ್ಡ ಟ್ಯಾಂಕು ತೋಡಿಸಿ, ಮುಂದಿನದನ್ನು ಮುಂದೆ ನೋಡೋಣ ಎನ್ನುವ ಮನೆಗಳು ಎಷ್ಟೋ ಇವೆ. ನಾವು ಜೋಡಿ ಗುಂಡಿ ಆರಿಸಿಕೊಂಡಿದ್ದೇವೆ. ಒಂದು ತುಂಬಿದರೆ ಪೈಪಿನ ದಾರಿಯನ್ನು ಇನ್ನೊಂದಕ್ಕೆ ತಿರುಗಿಸುವುದು. ಮುಚ್ಚಿಟ್ಟದ್ದು ಒಂದೂವರೆ ಎರಡು ವರ್ಷದಲ್ಲಿ ವಾಸನೆಯಿಲ್ಲದ ಗೊಬ್ಬರವಾಗುತ್ತದೆ, ಯಾರು ಬೇಕಾದರೂ ಸಲಿಕೆಯಲ್ಲಿ ತೆಗೆಯಬಹುದು. ಕಮೋಡಿಗೆ ನೀರು ಹೆಚ್ಚು ಬೇಕಾದ್ದರಿಂದ ಗುಂಡಿಗಳು ತುಸು ದೊಡ್ಡವು. ಬೋರ್‌ವೆಲ್ಲಿನಿಂದ ಹತ್ತು ಮೀಟರಾದರೂ ದೂರ ಇರಬೇಕು. ಗಂಗಾವತಿಯ ಕಾಲುವೆ ಸೀಮೆಯಲ್ಲಿ ನೀರು ಮೇಲೆಯೇ ನಿಂತಿರುತ್ತದೆ, ಅಲ್ಲಿ ಗುಂಡಿಯನ್ನು ನೆಲದಿಂದ ಎತ್ತರಿಸಿ ಕಟ್ಟಿಸಬೇಕು. ಕುಷ್ಟಗಿ ಕಡೆ ಬಂಡೆ ಅಡ್ಡ ಬಂದರೆ ಆಳ ಕಡಿಮೆ ಮಾಡಿ ಅಗಲ ಹೆಚ್ಚಿಸಬೇಕು.

ಹೀಗೆ ಯೋಚಿಸಿದ ಮೇಲೆ 90 ಸಾವಿರದ ಹಂಚಿಕೆ ತಾನಾಗಿ ಸ್ಪಷ್ಟವಾಯಿತು. ಅರ್ಧಕ್ಕಿಂತ ಹೆಚ್ಚು ಕಣ್ಣಿಗೆ ಬೀಳದ ಕೆಲಸಕ್ಕೆ: ಗುಂಡಿ, ಪೈಪು, ನೆಲದಡಿಯ ವಾಟರ್‌ಪ್ರೂಫಿಂಗ್, ನೀರು ನಿಲ್ಲದಂತೆ ಮೋರಿಯತ್ತ ಇಳಿಜಾರು. ಆಮೇಲೆ ಜಾರದ ಮ್ಯಾಟ್ ಟೈಲ್ಸ್, ಕಮೋಡಿನ ಎರಡೂ ಬದಿ ಗಟ್ಟಿ ಸ್ಟೀಲ್ ಹಿಡಿಕೆ, ರಾತ್ರಿಯಿಡೀ ಉರಿಯುವ ಸಣ್ಣ ಬಲ್ಬು, ಹೊರಕ್ಕೆ ತೆರೆಯುವ ಬಾಗಿಲು. ಒಳಗೆ ಯಾರಾದರೂ ಬಿದ್ದರೆ ಒಳಕ್ಕೆ ತೆರೆಯುವ ಬಾಗಿಲಿಗೆ ಅವರ ಮೈಯೇ ಅಡ್ಡವಾಗುತ್ತದೆ, ಅದಕ್ಕೆ. ಗೋಡೆಗೆ ಟೈಲ್ಸ್ ಜಳಕದ ಮೂಲೆಯಲ್ಲಿ ಆಳೆತ್ತರ, ಉಳಿದ ಕಡೆ ಸೊಂಟದ ತನಕ ಸಾಕು. ಹಳೆ ಮೋರಿಯ ಜಾಗ ಬದಲಿಸದಿದ್ದರೆ ಒಡೆಯುವ ಖರ್ಚು ಉಳಿಯುತ್ತದೆ. ಸೋಪು, ತಂಬಿಗೆ ಇಡಲು ಕುಷ್ಟಗಿ–ಇಳಕಲ್ ಸೀಮೆಯ ಕೆಂಪು ಗ್ರಾನೈಟಿನ ತುಂಡು. ಗಾಜಿನ ಮರೆ, ದೊಡ್ಡ ಶವರ್ ಪಟ್ಟಿಯಿಂದ ಬಿಟ್ಟವು. ಹಂಡೆ ಉಳಿಯಿತು.

ಇದು ಸಣ್ಣ ದುಡ್ಡಿನ ಲೆಕ್ಕ, ಧರ್ಮದ ಮಾತಿಗೆ ಇಲ್ಲೇನು ಕೆಲಸ ಎಂದು ಯಾರಾದರೂ ಕೇಳಿದರೆ ಗವಿಮಠದ ಬಂಡೆಯತ್ತ ಕೈ ತೋರಿಸುತ್ತೇನೆ. ಅಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಇರುವ ಅಶೋಕನ ಶಾಸನದ ತಿರುಳು, ಸ್ವರ್ಗ ದೊಡ್ಡವರ ಸೊತ್ತಲ್ಲ, ಶ್ರಮಪಟ್ಟರೆ ಸಣ್ಣವರಿಗೂ ದಕ್ಕುತ್ತದೆ ಎಂಬುದು. ಗುಡಿ ಕಟ್ಟಿಸುವ ಶಕ್ತಿ ನಮಗಿಲ್ಲ. ಮುದುಕಿಯೊಬ್ಬಳು ಅಂಜದೆ ಎದ್ದು ಹೋಗಿಬರುವ ಐದು ಅಡಿ ಅಗಲದ ಜಾಗ ಕಟ್ಟಿಸುವ ಶಕ್ತಿ ಇದೆ. ಅಶಕ್ತ ದೇಹಕ್ಕೆ ಮೊದಲು ಖರ್ಚು ಮಾಡಿದ ರೂಪಾಯಿ ದೇವರಿಗೆ ಸಲ್ಲಿಸಿದ ರೂಪಾಯಿಯೇ ಎಂದು ನಾನು ನಂಬುತ್ತೇನೆ.

ಮನೆಯ ಬೆಲೆಯ ಬಗ್ಗೆ ಮಗನ ಚಿಂತೆ ತಪ್ಪಲ್ಲ. ಅವನಿಗೆ ಇಷ್ಟೇ ಹೇಳಿದ್ದೇನೆ: ಜಾರದ, ಸೋರದ, ಒಳಗೇ ಸಂಡಾಸವಿರುವ ಮನೆಗೆ ಕೊಳ್ಳುವವರು ನಾಲ್ಕು ದುಡ್ಡು ಹೆಚ್ಚೇ ಕೊಡುತ್ತಾರೆ. ಅವರ ಮನೆಯಲ್ಲೂ ವಯಸ್ಸಾದವರು ಇದ್ದಾರೆ, ಇಲ್ಲದಿದ್ದರೆ ಅವರಿಗೇ ವಯಸ್ಸಾಗುತ್ತದೆ.