ಉಳುವವನ ಚಿತ್ರ, ಉಣ್ಣುವವನ ಋಣ

ಪರರ ದುಡಿಮೆಯನ್ನು ಚಿತ್ರದಲ್ಲಿ ಕಂಡು ಆನಂದಿಸುವುದು ಧರ್ಮಸಮ್ಮತವೇ? ಕಲಾಪ್ರಿಯರು ಈ ಪ್ರಶ್ನೆಯನ್ನು ಸಾಮಾನ್ಯವಾಗಿ ಕೇಳಿಕೊಳ್ಳುವುದಿಲ್ಲ. ಚೀನಾ ದೇಶದ ಒಂದು ಪ್ರಾಚೀನ ಚಿತ್ರಮಾಲಿಕೆ ಇದರ ವಿಚಾರಕ್ಕೆ ಆಧಾರವಾಗಬಲ್ಲದು.

12ನೆಯ ಶತಮಾನದಲ್ಲಿ, ದಕ್ಷಿಣ ಸಾಂಗ್ ಅರಸರ ಕಾಲದಲ್ಲಿ, ಲೋ ಶು ಎಂಬ ಅಧಿಕಾರಿಯು 'ಗೆಂಗ್‌ಝಿ ತು', ಅರ್ಥಾತ್ 'ಉಳುಮೆ ಮತ್ತು ನೇಯ್ಗೆಯ ಚಿತ್ರಗಳು' ಎಂಬ ಮಾಲಿಕೆಯನ್ನು ರಚಿಸಿ ಚಕ್ರವರ್ತಿ ಗಾವೋಝೋಂಗನಿಗೆ ಅರ್ಪಿಸಿದನು. ಉಳುಮೆಗೆ 21, ನೇಯ್ಗೆಗೆ 24 ದೃಶ್ಯಗಳು. ಪ್ರತಿಯೊಂದಕ್ಕೂ ಒಂದು ಕವಿತೆ. ಮೂಲಚಿತ್ರಗಳು ಉಳಿದಿಲ್ಲ. ಚೆಂಗ್ ಚಿ ಎಂಬ ಕಲಾವಿದನದೆಂದು ಹೇಳಲಾಗುವ, ಮಸಿ ಹಾಗೂ ವರ್ಣಗಳ ಪ್ರತಿಯೊಂದು ವಾಷಿಂಗ್ಟನ್ನಿನ ಫ್ರೀರ್ ಕಲಾಸಂಗ್ರಹಾಲಯದಲ್ಲಿದೆ.

ಬತ್ತದ ಬೀಜವನ್ನು ನೆನೆಯಿಸುವುದರಿಂದ ಮೊದಲ್ಗೊಂಡು ಕಣಜ ತುಂಬುವವರೆಗಿನ ಕಾಯಕವೆಲ್ಲ ಇಲ್ಲಿದೆ. ಕೆಸರಿನಲ್ಲಿ ಬಾಗಿ ನಾಟಿ ಮಾಡುವವರು, ಮೂರು ಸಲ ಕಳೆ ಕೀಳುವವರು, ಕಾಲಿನಿಂದ ತುಳಿದು ಗದ್ದೆಗೆ ನೀರೆತ್ತುವವರು ಒಬ್ಬೊಬ್ಬರಾಗಿ ಕಾಣಿಸುತ್ತಾರೆ. ಕಡೆಯ ದೃಶ್ಯದಲ್ಲಿ ಧಾನ್ಯ ಕಣಜ ಸೇರುತ್ತದೆ, ನೋಡುವವನಿಗೆ ಸಮಾಧಾನವಾಗುತ್ತದೆ. ಆದರೆ ಅದೇ ದೃಶ್ಯದ ಕವಿತೆಯಲ್ಲಿ ಕಂದಾಯ ವಸೂಲಿಗಾರರು ಬರುತ್ತಾರೆ. ಅರಸನ ಪಾಲು ಸಂದ ಮೇಲೆ ರೈತನ ಮಗು ಅನ್ನಕ್ಕಾಗಿ ಕೂಗುತ್ತದೆ.

ಲೆಕ್ಕಪತ್ರ ಬಲ್ಲವರಿಗೆ ಇದರ ಅರ್ಥ ಸುಲಭವಾಗಿ ತಿಳಿಯುತ್ತದೆ. ಚಿತ್ರವು ಜಮೆಯನ್ನು ತೋರಿಸಿತು. ಖರ್ಚನ್ನು ಕವಿತೆ ಬರೆಯಿತು. ಒಂದೇ ಬದಿಯನ್ನು ಓದಿ ಪುಸ್ತಕ ಮುಚ್ಚುವವನು ಲೆಕ್ಕವನ್ನು ತಿಳಿದವನಲ್ಲ.

ಮುಂದೆ 1696ರಲ್ಲಿ ಚಕ್ರವರ್ತಿ ಕಾಂಗ್‌ಶಿಯು ಜಿಯಾವೋ ಬಿಂಗ್‌ಝೆನ್ ಎಂಬ ಆಸ್ಥಾನ ಕಲಾವಿದನಿಂದ ಈ ಮಾಲಿಕೆಯನ್ನು ಹೊಸದಾಗಿ ಬರೆಯಿಸಿ, ಸ್ವರಚಿತ ಪದ್ಯಗಳೊಡನೆ ಮುದ್ರಿಸಿದನು. ಈ ದೃಶ್ಯಗಳು ಪಿಂಗಾಣಿ ಪಾತ್ರೆಗಳ ಮೇಲೂ ಅಲಂಕಾರವಾದವು. ಎಷ್ಟೋ ಪಾತ್ರೆಗಳಿಗೆ ಚಿತ್ರವಷ್ಟೇ ಸಾಕಾಯಿತು. ಹಸಿದ ಮಗುವಿನ ಮಾತು ಅಲ್ಲಿಗೆ ಬರಬೇಕಾಗಿರಲಿಲ್ಲ.

ಹಾಗಾದರೆ ಚಿತ್ರವನ್ನು ನೋಡಲೇಬಾರದೇ? ಹಾಗೆನ್ನಲಾಗದು. ನೋಡದಿದ್ದರೆ ಮರೆವು ಇನ್ನೂ ಹೆಚ್ಚೀತು. ದುಡಿಮೆಯಲ್ಲಿ ಚೆಲುವಿರುವುದು ಸುಳ್ಳೂ ಅಲ್ಲ. ಅದನ್ನು ಕಾಣಿಸಿದ ಕಲಾವಿದನು ರೈತನಿಗೆ ಗೌರವವನ್ನೇ ಸಲ್ಲಿಸಿದ್ದಾನೆ. ದೋಷವಿರುವುದು ಆನಂದದಲ್ಲಲ್ಲ, ಆನಂದದಿಂದಲೇ ಋಣ ತೀರಿತೆಂದು ಭಾವಿಸುವುದರಲ್ಲಿ. ಹೊಲಕ್ಕೂ ಊಟಕ್ಕೂ ನಡುವೆ ವ್ಯಾಪಾರಿಯಿದ್ದಾನೆ, ಗ್ರಾಹಕನಿದ್ದಾನೆ, ಸರ್ಕಾರವಿದೆ. ನ್ಯಾಯವಾದ ತೂಕ, ಸಕಾಲದಲ್ಲಿ ಸಲ್ಲುವ ಬೆಲೆ, ತಟ್ಟೆಯಲ್ಲಿ ಅನ್ನ ಬಿಡದ ಎಚ್ಚರ: ಋಣ ತೀರುವುದು ಇವುಗಳಿಂದ. ಚಿತ್ರವು ಇಷ್ಟನ್ನು ನೆನಪಿಸಿದರೆ ವಾಚಕರು ಅದನ್ನು ನಿಸ್ಸಂಕೋಚವಾಗಿ ಗೋಡೆಗೆ ತೂಗುಹಾಕಬಹುದು.