ಮೂವತ್ತನೇ ನಿಯಮ

ಮಕ್ಕಳ ಚೌಕುಳಿ ಪುಸ್ತಕದ ಒಂದು ಹಾಳೆ ತೆಗೆದುಕೊಳ್ಳಿ. ಮೊದಲ ಸಾಲಿನ ನಟ್ಟನಡುವೆ ಒಂದೇ ಒಂದು ಮನೆಗೆ ಕಪ್ಪು ತುಂಬಿ. ಮುಂದಿನ ಸಾಲುಗಳಿಗೆ ನಿಯಮ ಇಷ್ಟೇ: ಪ್ರತಿ ಮನೆಯ ನೇರ ಮೇಲಿನ ಮನೆಯನ್ನೂ ಆ ಮೇಲಿನ ಮನೆಯ ಎಡ, ಬಲದ ಮನೆಗಳನ್ನೂ ನೋಡಬೇಕು. ಮೇಲಿನದೂ ಅದರ ಬಲದ್ದೂ ಬಿಳಿಯಾಗಿದ್ದರೆ ಎಡದ್ದರ ಬಣ್ಣವನ್ನೇ ಹಾಕಬೇಕು. ಇಲ್ಲವಾದರೆ ಎಡದ್ದಕ್ಕೆ ವಿರುದ್ಧದ ಬಣ್ಣ.

ಎರಡನೇ ಸಾಲಿನಲ್ಲಿ ಮೂರು ಕಪ್ಪು ಮನೆಗಳು ಬರುತ್ತವೆ. ಮೂರನೆಯದರಲ್ಲಿ ಎರಡು ಕಪ್ಪು, ಎರಡು ಬಿಳಿ, ಒಂದು ಕಪ್ಪು. ಎಡ ಬಲದ ಸಮತೂಕ ಆಗಲೇ ತಪ್ಪಿತು. ಮೂವತ್ತು ನಲವತ್ತು ಸಾಲು ದಾಟುವಷ್ಟರಲ್ಲಿ ಎಡ ಅಂಚಿನಲ್ಲಿ ಓರಣದ ಓರೆಪಟ್ಟಿಗಳು, ಉಳಿದೆಡೆಯೆಲ್ಲ ದೊಡ್ಡವು ಸಣ್ಣವು ಬಿಳಿ ತ್ರಿಕೋನಗಳು ಲೆಕ್ಕಕ್ಕೆ ಸಿಗದಂತೆ ಚೆಲ್ಲಿಕೊಂಡಿರುತ್ತವೆ.

ಇದಕ್ಕೆ ಸೆಲ್ಯುಲರ್ ಆಟೊಮ್ಯಾಟನ್ ಎನ್ನುತ್ತಾರೆ. ಮೂರು ಮನೆ ನೋಡಿ ಒಂದನ್ನು ತುಂಬುವ ಇಂಥ ನಿಯಮಗಳು ಒಟ್ಟು 256. ಸ್ಟೀಫನ್ ವೋಲ್‌ಫ್ರಾಮ್ 1980ರ ದಶಕದ ಆರಂಭದಲ್ಲಿ ಅವಕ್ಕೆ ಸಂಖ್ಯೆ ಕೊಟ್ಟು ಪರಿಶೀಲಿಸಿದರು. ಹಲವು ತೀರಾ ಸಪ್ಪೆ. 90ನೆಯದು ತ್ರಿಕೋನದೊಳಗೆ ತ್ರಿಕೋನವಿಟ್ಟು ರಂಗೋಲಿಯಂತೆ ಚೆಲುವಾಗಿ ಹರಡುತ್ತದೆ. ಅದರ ಸಾವಿರನೇ ಸಾಲು ಹೇಗಿರುತ್ತದೆಂದು ಒಂದೊಂದೇ ಸಾಲು ತುಂಬದೆಯೂ ಲೆಕ್ಕ ಹಾಕಿ ಹೇಳಬಹುದು. ನಾವು ಬರೆದದ್ದು 30ನೆಯದು. ಅದರ ನಡುಗಂಬದ ಬಣ್ಣಗಳು ಎಷ್ಟು ಅಡ್ಡಾದಿಡ್ಡಿಯೆಂದರೆ, ವೋಲ್‌ಫ್ರಾಮರ ಮ್ಯಾಥಮ್ಯಾಟಿಕಾ ತಂತ್ರಾಂಶ ಯಾದೃಚ್ಛಿಕ ಸಂಖ್ಯೆಗಳಿಗಾಗಿ ಈ ನಿಯಮವನ್ನೇ ಬಳಸಿಕೊಂಡಿತು.

ನನ್ನನ್ನು ಹಿಡಿದು ನಿಲ್ಲಿಸುವುದು ಇದೇ. ಇಲ್ಲಿ ದಾಳವಿಲ್ಲ, ಅದೃಷ್ಟವಿಲ್ಲ, ಮರೆಯಲ್ಲಿ ಏನೂ ಇಲ್ಲ. ನಿಯಮ ಪೂರ್ತಿ ನಮ್ಮ ಕೈಯಲ್ಲಿದೆ. ಆದರೂ ಮುಂದೇನು ಎಂಬುದು ನಮ್ಮ ಕೈಯಲ್ಲಿಲ್ಲ. ಸಿಕ್ಕುಸಿಕ್ಕಾದ ಏನನ್ನೇ ಕಂಡರೂ ಅದರ ಹಿಂದೆ ಅಷ್ಟೇ ಸಿಕ್ಕಾದ ಕಾರಣ ಇರಲೇಬೇಕೆಂದು ನಾವು ಹುಡುಕಹೊರಡುತ್ತೇವೆ. ಆ ಹುಡುಕಾಟವೇ ಎಷ್ಟೋ ಸಲ ದಾರಿ ತಪ್ಪಿದ್ದಿರಬಹುದು. ಕೋನಸ್ ಟೆಕ್ಸ್‌ಟೈಲ್ ಎಂಬ ಕಡಲ ಶಂಖದ ಚಿಪ್ಪಿನ ಮೇಲೂ ಹೆಚ್ಚುಕಡಿಮೆ ಇದೇ ತ್ರಿಕೋನಗಳ ಚಿತ್ತಾರವಿದೆ. ಹೋಲಿಕೆಯೊಂದನ್ನೇ ನಂಬಿ ಶಂಖವೂ 30ನೇ ನಿಯಮವನ್ನೇ ಪಾಲಿಸುತ್ತದೆ ಎನ್ನಲಾಗದು. ಆದರೆ ಬೆಳೆಯುವ ಅಂಚಿನಲ್ಲಿ ಬಣ್ಣ ಸ್ರವಿಸುವ ಜೀವಕೋಶಗಳು ಅಕ್ಕಪಕ್ಕದವನ್ನು ಪ್ರಚೋದಿಸುತ್ತ, ತಡೆಯುತ್ತ ಇಂಥ ವಿನ್ಯಾಸ ಮೂಡಿಸಬಲ್ಲವು ಎಂಬ ವಿವರಣೆಯಂತೂ ಇದೆ. ಅಲ್ಲಿ ಯಾವ ಕೋಶಕ್ಕೂ ಇಡೀ ಚಿತ್ರದ ಅರಿವು ಬೇಕಿಲ್ಲ.

2019ರಲ್ಲಿ ವೋಲ್‌ಫ್ರಾಮ್ ಆ ನಡುಗಂಬದ ಬಗ್ಗೆ ಮೂರು ಪ್ರಶ್ನೆ ಮುಂದಿಟ್ಟು, ಒಂದೊಂದಕ್ಕೆ 10,000 ಡಾಲರ್ ಬಹುಮಾನ ಸಾರಿದರು. ಅದು ಎಂದಾದರೂ ಒಂದೇ ಕ್ರಮದಲ್ಲಿ ಮರುಕಳಿಸತೊಡಗುತ್ತದೆಯೇ? ಕಪ್ಪು ಬಿಳುಪು ಸರಾಸರಿಯಲ್ಲಿ ಸಮನಾಗಿ ಬರುತ್ತವೆಯೇ? ತುಂಬ ಕೆಳಗಿನ ಒಂದು ಮನೆಯ ಬಣ್ಣ ತಿಳಿಯಲು ಅಡ್ಡದಾರಿಯೇನಾದರೂ ಇದೆಯೇ, ಅಥವಾ ಅಷ್ಟೂ ದೂರ ಸವೆಸಲೇಬೇಕೇ?